ಹಳೇ ಪ್ಯಾಡೇ ಚೆನ್ನಾಗಿತ್ತಾ, ಇಲ್ಲಾ ನನ್ನ ಕೈಯೇ ಮಂದ ಆಯ್ತಾ?

ಪ್ರಶ್ನೆ: ನಮಸ್ತೆ ಸಾರ್. ನಾನು ತುಮಕೂರಿನ ಕ್ಯಾತ್ಸಂದ್ರದವನು, ವಯಸ್ಸು 42. ಚಿಕ್ಕೋನಿದ್ದಾಗ ಬೇಸಿಗೆ ರಜಕ್ಕೆ ತಿಪಟೂರಲ್ಲಿ ಮಾವನ ಮನೆಗೆ ಹೋದ್ರೆ ಅಲ್ಲಿ ಕ್ಯಾಸೆಟ್ ಹಾಕಿ ಆಡೋ ಟಿವಿ ಗೇಮ್ ಇತ್ತು, ಮಾರಿಯೋ, ಕಾಂಟ್ರಾ ಎಲ್ಲಾ ಕಣ್ಮುಚ್ಕೊಂಡು ಆಡ್ತಿದ್ದೆ. ಡಿಗ್ರಿ ಓದೋವಾಗ ಪಾರ್ಲರಲ್ಲಿ ಸೋನಿ ಪ್ಲೇಸ್ಟೇಷನ್ 2, ಅಂದ್ರೆ ಪಿಎಸ್2, ಅದ್ರಲ್ಲೂ ಕಾರ್ ರೇಸು. ಆಮೇಲೆ ಕೆಲ್ಸ, ಮದ್ವೆ, ಗೇಮು ಬಿಟ್ಟೇಹೋಯ್ತು. ಎರಡು ವರ್ಷದ ಹಿಂದೆ ಮಗನಿಗೆ ಪಿಎಸ್5 ತಂದ್ವಿ. ಅದ್ರ ಪ್ಯಾಡ್, ಅಂದ್ರೆ ಕೈಲಿ ಹಿಡಿದು ಆಡೋ ಕಂಟ್ರೋಲರ್, ಹಿಡಿದ್ರೆ ನನ್ನ ಕೈ ಮಾತೇ ಕೇಳಲ್ಲ, ಬಟನ್ ಮೆತ್ತಗೆ, ಹಿಂದಿರೋ ಟ್ರಿಗರ್ ಬಟನ್ ಒಂದೊಂದ್ಸಲ ಇದ್ದಕ್ಕಿದ್ದಂಗೆ ಗಟ್ಟಿ ಆಗುತ್ತೆ, ಕಾರ್ ರೇಸಲ್ಲಿ ಮೊದ್ಲಿನ ಹಿಡಿತ ಇಲ್ವೇ ಇಲ್ಲ. ಸರಿ ಹಳೇ ಗೇಮಾದ್ರೂ ಆಡೋಣ ಅಂತ ಟಿವಿಗೆ ಚುಚ್ಚೋ ಗೇಮ್ ಸ್ಟಿಕ್ ಒಂದು ತರಿಸ್ದೆ, ಎರಡು ವೈರ್‌ಲೆಸ್ ಪ್ಯಾಡ್ ಜೊತೆ ಬಂತು. ಅದ್ರಲ್ಲಿ ಮಾರಿಯೋಗೆ ಜಂಪ್ ಕೊಟ್ರೆ ಹಳ್ಳಕ್ಕೆ ಬಿದ್ದ ಮೇಲೆ ಹಾರ್ತಾನೆ! ಅದೂ ಅಲ್ದೆ ಗೇಮೇ ಮೊದ್ಲಿಗಿಂತ ಸ್ಪೀಡ್ ಅನ್ಸುತ್ತೆ. ಮಗ "ಅಪ್ಪಾ ನಿಂಗೆ ವಯಸ್ಸಾಯ್ತು" ಅಂತಾನೆ. ಈಗ ಪಿಎಸ್5 ಪ್ಯಾಡಲ್ಲಿ ಹೆಬ್ಬೆರಳಲ್ಲಿ ತಿರುಗಿಸೋ ಎಡಗಡೆ ಸ್ಟಿಕ್ ಮುಟ್ಟದೇ ಇದ್ರೂ ಗೇಮಲ್ಲಿರೋನು ತಾನೇ ನಡ್ಕೊಂಡು ಹೋಗ್ತಾನೆ. ಅಂಗಡೀಲಿ ಒಬ್ರು ಡಬ್ಲ್ಯೂಡಿ-40 ಸ್ಪ್ರೇ ಹೊಡೀರಿ ಅಂದ್ರು, ಇನ್ನೊಬ್ರು ಹಾಲ್ ಎಫೆಕ್ಟ್ ಅನ್ನೋ ಅಯಸ್ಕಾಂತದ ಸ್ಟಿಕ್ ಹಾಕಿಸ್ಬಿಡಿ ಜನ್ಮದಲ್ಲಿ ಕೆಡಲ್ಲ ಅಂದ್ರು. ಮಾವನ ಮನೆ ಅಟ್ಟದಲ್ಲಿ ಹಳೇ ಸೆಟ್ಟು, ಪ್ಯಾಡು ಹಂಗೇ ಇದೆ. ಹಳೇದೇ ಚೆನ್ನಾಗಿತ್ತಾ, ಇಲ್ಲಾ ಎಲ್ಲಾ ನನ್ನ ಭ್ರಮೆನಾ? ರಿಪೇರಿ ಮಾಡಿಸ್ಲಾ, ಹೊಸದು ತಗೊಳ್ಲಾ?

ಉತ್ತರ: ಸಾರ್, ನೀವು ಒಂದು ಪ್ರಶ್ನೆ ಕೇಳಿದೀನಿ ಅನ್ಕೊಂಡಿದೀರ, ಆದ್ರೆ ಇದ್ರಲ್ಲಿ ಒಂದಕ್ಕೊಂದು ಸಂಬಂಧ ಇಲ್ದಿರೋ ಮೂರು ತೊಂದ್ರೆ ಸೇರ್ಕೊಂಡಿದೆ. ಒತ್ತಿದ್ದು ಲೇಟಾಗಿ ಕಾಣೋದು ಒಂದು, ಬಟನ್ನು ಟ್ರಿಗರ್ರು ಬೆರಳಿಗೆ ಬೇರೆ ಥರ ಸಿಗೋದು ಇನ್ನೊಂದು, ಸ್ಟಿಕ್ ಸವೆದಿರೋದು ಮತ್ತೊಂದು. ಮೂರನ್ನೂ ಸೇರ್ಸಿ "ಹೊಸ ಪ್ಯಾಡ್ ಸರಿ ಇಲ್ಲ" ಅಂದ್ಬಿಟ್ರೆ ಸುಮ್ನೆ ದುಡ್ಡು ಹಾಳು. ನಾನು ಪ್ಯಾಡು, ಕನ್ಸೋಲು ಬಿಚ್ಚಿ ರಿಪೇರಿ ಮಾಡೋನು, ನನ್ನ ಹತ್ರ ಬರೋರಲ್ಲಿ ನಿಮ್ಮ ವಯಸ್ಸಿನೋರು ಸುಮಾರು ಜನ ಇದೇ ಮಾತು ಹೇಳ್ತಾರೆ, ಬಹಳಷ್ಟು ಸಲ ತಪ್ಪು ಪ್ಯಾಡಲ್ಲಿ ಇರಲ್ಲ, ಗೋಡೆ ಮೇಲಿರೋ ಟಿವೀಲಿ ಇರುತ್ತೆ.

ಮೊದ್ಲು ವಯಸ್ಸಿನ ವಿಷ್ಯ ಮುಗಿಸ್ಬಿಡೋಣ, ಅದೇ ನಿಮಗೆ ಜಾಸ್ತಿ ಚುಚ್ಚಿರೋ ಹಂಗಿದೆ. ವಯಸ್ಸಾಗ್ತಾ ಕೈ ಸ್ವಲ್ಪ ನಿಧಾನ ಆಗೋದು ನಿಜಾನೇ. ಆದ್ರೆ ಕಣ್ಣೆದುರೇ ಹಳ್ಳ ಕಾಣ್ತಾ ಇದೆ, ಯಾವಾಗ ಹಾರ್ಬೇಕು ಅಂತ ಬಾಯಿಪಾಠ ಇದೆ, ಆದ್ರೂ ಪ್ರತಿ ಸಲ ಒಂದೇ ಅಳತೇಲಿ ಲೇಟಾಗ್ತಿದೆ ಅಂದ್ರೆ ಅದು ವಯಸ್ಸಲ್ಲ. ವಯಸ್ಸಾದ್ರೆ ಒಂದ್ಸಲ ಲೇಟು ಇನ್ನೊಂದ್ಸಲ ಬೇಗ ಹಿಂಗೆ ಹೆಚ್ಚುಕಮ್ಮಿ ಆಗುತ್ತೆ. ನಿಮ್ಮ ಮಗನ ಕೈಗೇ ಆ ಗೇಮ್ ಸ್ಟಿಕ್ ಪ್ಯಾಡ್ ಕೊಟ್ಟು ಮಾರಿಯೋ ಆಡ್ಸಿ ನೋಡಿ, ಅವ್ನೂ ಅದೇ ಹಳ್ಳಕ್ಕೆ ಬೀಳ್ತಾನೆ.

ಈಗ ಲೇಟಿನ ಕಥೆ. ಹಳೇ ಡಬ್ಬಾ ಟಿವಿ, ಅಂದ್ರೆ ಪಿಕ್ಚರ್ ಟ್ಯೂಬ್ ಇರೋದು, ಸಿಗ್ನಲ್ ಬಂದ ಹಂಗೇ ಒಂದೊಂದು ಗೆರೆಯಾಗಿ ಪರದೆ ಮೇಲೆ ಬಿಡಿಸ್ತಾ ಹೋಗೋದು, ಮಧ್ಯ ಯೋಚ್ನೆ ಮಾಡೋಕೆ ಅದ್ರೊಳಗೆ ಏನೂ ಇರ್ತಿರ್ಲಿಲ್ಲ. ಈಗಿನ ಎಲ್‌ಇಡಿ ಟಿವಿ ಹಂಗಲ್ಲ, ಬಂದ ಚಿತ್ರನ ಹಿಡ್ಕೊಳ್ಳುತ್ತೆ, ತನ್ನ ಸೈಜಿಗೆ ಹಿಗ್ಗಿಸುತ್ತೆ, ಬಣ್ಣ ತಿದ್ದುತ್ತೆ, ಮೋಷನ್ ಸ್ಮೂತ್ ಅಂತ ಮಧ್ಯ ಮಧ್ಯ ತಾನೇ ಫ್ರೇಮ್, ಅಂದ್ರೆ ಒಂದೊಂದು ಬಿಡಿ ಚಿತ್ರ, ಹುಟ್ಟಿಸುತ್ತೆ, ಆಮೇಲೆ ತೋರ್ಸುತ್ತೆ. ಸಿನಿಮಾ ಸೀರಿಯಲ್ ನೋಡೋವಾಗ ಇದು ಗೊತ್ತೇ ಆಗಲ್ಲ ಯಾಕಂದ್ರೆ ನೀವು ಏನೂ ಒತ್ತಿರಲ್ಲ. ಗೇಮಲ್ಲಿ ಗೊತ್ತಾಗುತ್ತೆ. ಸೆಕೆಂಡಿಗೆ 60 ಫ್ರೇಮ್ ಓಡೋ ಗೇಮಲ್ಲಿ ಒಂದು ಫ್ರೇಮ್ ಅಂದ್ರೆ ಸುಮಾರು 16.7 ಮಿಲಿಸೆಕೆಂಡು. ಟಿವಿ 100 ಮಿಲಿಸೆಕೆಂಡ್ ತಡ ಮಾಡಿದ್ರೆ ನೀವು ನೋಡ್ತಾ ಇರೋದು ಆರು ಫ್ರೇಮ್ ಹಿಂದಿನ ಮಾರಿಯೋನ, ನಿಜವಾದ ಮಾರಿಯೋ ಆಗ್ಲೇ ಹಳ್ಳದ ಬಾಯಲ್ಲಿರ್ತಾನೆ. ಆ ಗೇಮು ಬಂದಿದ್ದು 1985ರಲ್ಲಿ, ಮಾಡ್ದೋರು ಡಬ್ಬಾ ಟಿವಿ ಮುಂದೆ ಕೂತು ಹಳ್ಳದ ಅಗಲ ಅಳೆದಿದ್ದು, ಆರು ಫ್ರೇಮ್ ಸಾಲ ಅವ್ರ ಲೆಕ್ಕದಲ್ಲೇ ಇರ್ಲಿಲ್ಲ.

ನಿಮ್ಮ ಕಾಲದಲ್ಲಿ ಸೆಟ್ ಜೊತೆ ಬಾತುಕೋಳಿ ಹೊಡೆಯೋ ಗನ್ ಬರ್ತಿತ್ತು ನೆನಪಿದ್ಯಾ? ಅದನ್ನ ಈಗಿನ ಟಿವಿಗೆ ಗುರಿ ಇಟ್ರೆ ಒಂದು ಹಕ್ಕೀನೂ ಬೀಳಲ್ಲ. ಗನ್ ಕೆಟ್ಟಿರಲ್ಲ. ಟ್ರಿಗರ್ ಒತ್ತಿದ ತಕ್ಷಣ ಪರದೆ ಒಂದು ಕ್ಷಣ ಕಪ್ಪಾಗಿ ಹಕ್ಕಿ ಇರೋ ಜಾಗದಲ್ಲಿ ಬಿಳಿ ಚೌಕ ಬರುತ್ತೆ, ಆ ಬೆಳಕು ಸರಿಯಾದ ಕ್ಷಣಕ್ಕೆ ಗನ್ನಿನ ಕಣ್ಣಿಗೆ ಬಿದ್ರೆ ಮಾತ್ರ ಏಟು ಲೆಕ್ಕ. ಎಲ್‌ಇಡಿ ಟಿವೀಲಿ ಆ ಚೌಕ ಬರೋ ಹೊತ್ತಿಗೆ ಸಮಯ ಮೀರಿರುತ್ತೆ. ಟಿವಿ ತಡ ಮಾಡುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ.

ಇದಕ್ಕೆ ಔಷಧಿ ಬಿಟ್ಟಿ. ಟಿವಿ ಪಿಕ್ಚರ್ ಸೆಟ್ಟಿಂಗಲ್ಲಿ ಗೇಮ್ ಮೋಡ್ ಅಂತ ಇರುತ್ತೆ, ಹಾಕಿ. ಅದ್ರಲ್ಲಿ ಮೇಲೆ ಹೇಳಿದ ತಿದ್ದುಪಡಿಗಳು ಬಹುಪಾಲು ಆಫ್ ಆಗುತ್ತೆ, ಬಣ್ಣ ಸ್ವಲ್ಪ ಪೇಲವ ಕಾಣ್ಬಹುದು, ಅಡ್ಜಸ್ಟ್ ಮಾಡ್ಕೊಳ್ಳಿ. ಸುಮಾರು ಟಿವೀಲಿ ಇದು ಒಂದೊಂದು ಎಚ್‌ಡಿಎಂಐ ಪೋರ್ಟಿಗೆ ಬೇರೆ ಬೇರೆ ಸೇವ್ ಆಗುತ್ತೆ, ಪಿಎಸ್5 ಇರೋ ಪೋರ್ಟಲ್ಲಿ ಹಾಕಿದೀನಿ ಅಂತ ಗೇಮ್ ಸ್ಟಿಕ್ ಇರೋ ಪೋರ್ಟಿಗೂ ಬಂದಿರುತ್ತೆ ಅನ್ಕೋಬೇಡಿ. ಸೌಂಡ್‌ಬಾರ್ ಮೂಲಕ ವಿಡಿಯೋ ಸುತ್ತಾಡ್ಕೊಂಡು ಬರ್ತಿದ್ರೆ ಅದನ್ನೂ ಒಂದ್ಸಲ ತೆಗೆದು ನೇರ ಟಿವಿಗೆ ಹಾಕಿ ನೋಡಿ.

ಎಷ್ಟು ತಡ ಆಗ್ತಿದೆ ಅಂತ ಮನೇಲೇ ಅಳೀಬಹುದು. ಫೋನಲ್ಲಿ ಸ್ಲೋ ಮೋಷನ್ 240 ಫ್ರೇಮಿಗೆ ಇಟ್ಟು, ನಿಮ್ಮ ಹೆಬ್ಬೆರಳು ಮತ್ತೆ ಟಿವಿ ಎರಡೂ ಒಟ್ಟಿಗೆ ಕಾಣೋ ಥರ ಮಗನ ಕೈಲಿ ವಿಡಿಯೋ ಮಾಡ್ಸಿ, ಆಮೇಲೆ ಬೆರಳು ಬಟನ್ನನ್ನ ತಳ ಮುಟ್ಟಿಸಿದ ಫ್ರೇಮಿಂದ ಮಾರಿಯೋ ನೆಲ ಬಿಟ್ಟ ಫ್ರೇಮ್ ತನಕ ಎಣ್ಸಿ. ಒಂದೊಂದು ಫ್ರೇಮಿಗೆ ಸುಮಾರು 4 ಮಿಲಿಸೆಕೆಂಡು, 25 ಫ್ರೇಮ್ ಬಂತು ಅಂದ್ರೆ 100ರ ಹತ್ರ. ಗೇಮ್ ಮೋಡ್ ಹಾಕಿ ಒಂದ್ಸಲ, ತೆಗೆದು ಒಂದ್ಸಲ ಮಾಡಿದ್ರೆ ಯಾರ ತಪ್ಪು ಅಂತ ಮನೇಲೇ ತೀರ್ಮಾನ ಆಗುತ್ತೆ, ವಯಸ್ಸಿನ ವಾದಾನೂ ಅಲ್ಲಿಗೆ ಮುಗಿಯುತ್ತೆ.

ಗೇಮ್ ಸ್ಟಿಕ್ ಬಗ್ಗೆ ಒಂದು ಮಾತು. ಅದ್ರೊಳಗೆ ಹಳೇ ಮೆಷಿನ್ ಇಲ್ಲ, ಹಳೇ ಮೆಷಿನ್ ಥರ ನಟಿಸೋ ಎಮ್ಯುಲೇಟರ್ ಇದೆ, ಅದೂ ಬಲ ಕಮ್ಮಿ ಇರೋ ಚಿಪ್ ಮೇಲೆ ಓಡ್ತಾ ಇರುತ್ತೆ. ಅದು ಒಂದೆರಡು ಫ್ರೇಮ್ ತಿನ್ನುತ್ತೆ, ಜೊತೇಲಿ ಬರೋ ಅಗ್ಗದ ವೈರ್‌ಲೆಸ್ ಪ್ಯಾಡು ಸ್ವಲ್ಪ ತಿನ್ನುತ್ತೆ, ಉಳಿದಿದ್ದನ್ನ ಟಿವಿ ತಿನ್ನುತ್ತೆ. ನಿಮ್ಮ ಕ್ಯಾಸೆಟ್ ಸೆಟ್ಟಿನ ಪ್ಯಾಡಲ್ಲಿ ಏನಿತ್ತು ಹೇಳಿ, ಎಂಟು ಬಟನ್ನಿನ ಸ್ಥಿತಿ ಒಂದರ ಹಿಂದೆ ಒಂದು ಕಳಿಸೋ ಒಂದು ಸಣ್ಣ ಚಿಪ್ಪು, ನಮ್ಮ ಊರಿಗೆ ಬಂದ ನಕಲಿ ಸೆಟ್ಟುಗಳಲ್ಲಿ ಬೋರ್ಡ್ ಮೇಲೆ ಕರಿ ಬೊಟ್ಟು ಇಟ್ಟಂಗೆ ಇರುತ್ತಲ್ಲ ಅದು. ಗೇಮು ಫ್ರೇಮಿಗೊಂದ್ಸಲ "ಯಾರ್ ಯಾರ್ ಒತ್ತಿದೀರಪ್ಪ" ಅಂತ ಕೇಳೋದು, ಚಿಪ್ಪು ಹೇಳೋದು, ಮುಗೀತು. ಬ್ಲೂಟೂತಿಲ್ಲ, ಆಪರೇಟಿಂಗ್ ಸಿಸ್ಟಮ್ಮಿಲ್ಲ. ಈ ಒಂದು ವಿಷಯದಲ್ಲಿ ಹಳೇದು ಚೆನ್ನಾಗಿತ್ತು ಅನ್ನೋದು ಭ್ರಮೆ ಅಲ್ಲ, ಲೆಕ್ಕ.

ಹಂಗಂತ ವೈರ್ ಇದ್ರೆ ಮಾತ್ರ ಸ್ಪೀಡು ಅನ್ನೋದನ್ನ ನಂಬ್ಬೇಡಿ. ಪಿಎಸ್5 ಪ್ಯಾಡಲ್ಲಿ ಬ್ಲೂಟೂತಿಗೂ ಕೇಬಲ್ಲಿಗೂ ಇರೋ ವ್ಯತ್ಯಾಸ ಟಿವಿ ಮಾಡೋ ಅನಾಹುತದ ಮುಂದೆ ಏನೂ ಅಲ್ಲ. ಇನ್ನೊಂದು ತಮಾಷೆ ಏನಂದ್ರೆ ಸುಮಾರು ಜನ ಕೇಬಲ್ ಚುಚ್ಚಿ ವೈರಲ್ಲಿ ಆಡ್ತಿದೀನಿ ಅನ್ಕೊಂಡಿರ್ತಾರೆ, ಸೆಟ್ಟಿಂಗ್ಸಲ್ಲಿ ಆಕ್ಸೆಸರೀಸ್ ಒಳಗೆ ಕಂಟ್ರೋಲರ್, ಅದ್ರೊಳಗೆ ಕಮ್ಯುನಿಕೇಷನ್ ಮೆಥಡ್ ಅಂತ ಇದೆ, ಅಲ್ಲಿ ಯುಎಸ್‌ಬಿ ಆರಿಸ್ದೇ ಇದ್ರೆ ಕೇಬಲ್ಲು ಬರೀ ಚಾರ್ಜಿಗೆ, ಆಟ ಬ್ಲೂಟೂತಲ್ಲೇ ನಡೀತಿರುತ್ತೆ.

ಗೇಮೇ ಸ್ಪೀಡ್ ಅನ್ಸುತ್ತೆ ಅಂದ್ರಲ್ಲ, ಅದಕ್ಕೂ ಕಾರಣ ಇರ್ಬಹುದು. ಆ ಗೇಮುಗಳು ಹುಟ್ಟಿದ್ದು ಜಪಾನಲ್ಲಿ, ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ. ನಮ್ಮ ದೇಶದ ಟಿವಿ ಪಾಲ್ ಪದ್ಧತಿ, ಅಂದ್ರೆ 50. ಮಾವನ ಮನೆ ಸೆಟ್ಟು 50ರಲ್ಲಿ ಓಡೋದಾಗಿದ್ರೆ ನೀವು ಬೆಳೆದಿದ್ದೇ ಆರನೇ ಒಂದು ಭಾಗ ನಿಧಾನ ಇರೋ ಮಾರಿಯೋ ಜೊತೆ. ಗೇಮ್ ಸ್ಟಿಕ್ಕಲ್ಲಿ ಅದೇ ಗೇಮ್ 60ರಲ್ಲಿ ಓಡ್ತಿದೆ. ಅಂದ್ರೆ ಅವನು ಓಡೋದು ಮೊದ್ಲಿಗಿಂತ ಬೇಗ, ನೀವು ನೋಡೋದು ಮೊದ್ಲಿಗಿಂತ ಲೇಟು. ಬೀಳದೇ ಇನ್ನೇನು ಮಾಡ್ತಾನೆ.

ಇನ್ನು ಬೆರಳಿಗೆ ಸಿಗೋ ಫೀಲಿಗೆ ಬರೋಣ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಹಳೇ ಪ್ಯಾಡ್ ಕಡೆಗೇ ವಾಲುತ್ತೆ, ಆದ್ರೆ ಎಲ್ಲದ್ರಲ್ಲೂ ಅಲ್ಲ. ಪ್ಲಸ್ ಆಕಾರದ ಬಟನ್, ಡಿ-ಪ್ಯಾಡ್ ಅಂತೀವಲ್ಲ, ಅದನ್ನ ಈ ರೂಪಕ್ಕೆ ತಂದಿದ್ದು ಮಾರಿಯೋ ಮಾಡಿದ ನಿಂಟೆಂಡೋ ಕಂಪ್ನಿಯ ಗುನ್‌ಪೇ ಯೊಕೊಯಿ, 1982ರಲ್ಲಿ ಒಂದು ಕೈಯಲ್ಲಿ ಹಿಡಿಯೋ ಸಣ್ಣ ಗೇಮಿಗೆ. ಒಂದೇ ತುಂಡು ಪ್ಲಾಸ್ಟಿಕ್, ಮಧ್ಯ ಅಡಿಯಲ್ಲಿ ಒಂದು ಗುಬಟು, ಅದ್ರ ಮೇಲೆ ಇಡೀ ಪ್ಲಸ್ಸು ಓಲಾಡುತ್ತೆ. ಎಡಕ್ಕೆ ಒತ್ತಿದ್ರೆ ಬಲಗಡೆ ಏಳ್ಲೇಬೇಕು, ಹಂಗಾಗಿ ಎರಡೂ ಒಟ್ಟಿಗೆ ಒತ್ತಿಹೋಗೋ ಛಾನ್ಸಿಲ್ಲ, ಹೆಬ್ಬೆರಳಿಗೆ ನೋಡ್ದೇನೇ ದಿಕ್ಕು ಗೊತ್ತಾಗುತ್ತೆ. ಸೋನಿ ಪ್ಯಾಡಲ್ಲಿ ಮೇಲೆ ನಾಲ್ಕು ಬೇರೆ ಬೇರೆ ಬಟನ್ ಕಾಣುತ್ತೆ, ಬಿಚ್ಚಿದ್ರೆ ಒಳಗೆ ಒಂದೇ ತುಂಡು. ಬೆರಳಿಗೆ ಮಧ್ಯದ ಭಾಗ ಸಿಗಲ್ಲ ಅನ್ನೋದೇ ಹಳಬರಿಗೆ ಕಸಿವಿಸಿ, ಎಡದಿಂದ ಕೆಳಕ್ಕೆ ಜಾರಿಸೋವಾಗ ಹೆಬ್ಬೆರಳು ಗುಂಡಿ ದಾಟ್ಬೇಕಾಗುತ್ತೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360ರ ದುಂಡು ಡಿ-ಪ್ಯಾಡಂತೂ ಕೇಳ್ಬೇಡಿ, ಮೇಲೆ ಒತ್ತಿದ್ರೆ ಪಕ್ಕಕ್ಕೆ ಹೋಗೋದು. ಈಗಿನ ಎಕ್ಸ್‌ಬಾಕ್ಸ್ ಪ್ಯಾಡಲ್ಲಿ ಅಡಿಯಲ್ಲಿ ತಗಡಿನ ಡೋಮ್ ಇದೆ, ಟಕ್ ಟಕ್ ಅನ್ನುತ್ತೆ, ಅದು ಕೆಲವರಿಗೆ ಇಷ್ಟ, ರಾತ್ರಿ ಪಕ್ಕದಲ್ಲಿ ಮಲಗಿರೋರಿಗೆ ಕಷ್ಟ.

ಬಟನ್ ಮೆತ್ತಗಿದೆ ಅಂದ್ರಿ. ಆಶ್ಚರ್ಯ ಏನಂದ್ರೆ ನಿಮ್ಮ ಹಳೇ ಪ್ಯಾಡಲ್ಲೂ ಪಿಎಸ್5 ಪ್ಯಾಡಲ್ಲೂ ಬಟನ್ ಅಡಿಯಲ್ಲಿ ಇರೋದು ರಬ್ಬರ್ ಗುಮ್ಮಟಾನೇ. ಹಳೇದ್ರಲ್ಲಿ ಆ ರಬ್ಬರ್ ಒಳಗೆ ಕರಿ ಕಾರ್ಬನ್ ಬಿಲ್ಲೆ, ಒತ್ತಿದ್ರೆ ಬೋರ್ಡ್ ಮೇಲಿನ ಎರಡು ಗೆರೆ ಸೇರುತ್ತೆ. ಫೀಲ್ ಬದ್ಲಾಗೋದು ರಬ್ಬರ್ ಎಷ್ಟು ಗಟ್ಟಿ, ಬಟನ್ ಎಷ್ಟು ಆಳಕ್ಕೆ ಹೋಗುತ್ತೆ ಅನ್ನೋದ್ರಲ್ಲಿ. ನಮ್ಮ ಊರಿಗೆ ಬಂದ ಅಗ್ಗದ ಸೆಟ್ಟುಗಳ ರಬ್ಬರು ಸಿಕ್ಕಾಪಟ್ಟೆ ಗಟ್ಟಿ ಇರೋದು, ಸಾಯಂಕಾಲದ ಹೊತ್ತಿಗೆ ಹೆಬ್ಬೆರಳು ಕೆಂಪಗಾಗಿ ಬೊಬ್ಬೆ ಬರೋದು, ಅದನ್ನ ಯಾರೂ ನೆನಪಿಟ್ಕೊಂಡಿಲ್ಲ ಅಷ್ಟೆ! ಆ ಚೌಕದ ಪ್ಯಾಡಿನ ಮೂಲೆ ಅಂಗೈಗೆ ಒತ್ತೋದೂ ಮರೆತಿದೀರ. ಹಿಡಿಯೋ ಸುಖದಲ್ಲಿ ಹೊಸ ಪ್ಯಾಡ್ ಎಷ್ಟೋ ಮೇಲು, ತೂಕ ಮಾತ್ರ ಜಾಸ್ತಿ, ಪಿಎಸ್4ದು 210 ಗ್ರಾಮಿನ ಹತ್ರ ಇದ್ರೆ ಪಿಎಸ್5ದು 280ರ ಹತ್ರ.

ಕಾರ್ ರೇಸ್ ವಿಷ್ಯಕ್ಕೆ ಬಂದ್ರೆ, ಇಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ನಿಜ, ಮಗನಿಗೂ ಓದಿ ಹೇಳಿ. 2000ರಲ್ಲಿ ಬಂದ ಪಿಎಸ್2 ಪ್ಯಾಡಲ್ಲಿ, ಡ್ಯುಯಲ್‌ಶಾಕ್ 2 ಅಂತ, ಎಕ್ಸ್, ಚೌಕ, ತ್ರಿಕೋನ, ಸೊನ್ನೆ ಬಟನ್ನುಗಳು ಬರೀ ಆನ್ ಆಫ್ ಅಲ್ಲ, ಎಷ್ಟು ಒತ್ತಡ ಹಾಕಿದೀರ ಅಂತ 256 ಹಂತದಲ್ಲಿ ಅಳೀತಿತ್ತು. ಗ್ರ್ಯಾನ್ ಟುರಿಸ್ಮೋ ಥರದ ಗೇಮಲ್ಲಿ ಎಕ್ಸ್ ಬಟನ್ ಮೆಲ್ಲಗೆ ಅದುಮಿದ್ರೆ ಅರ್ಧ ಆಕ್ಸಿಲರೇಟರ್ರು, ಗಟ್ಟಿಯಾಗಿ ಅದುಮಿದ್ರೆ ಪೂರ್ತಿ. ನಿಮ್ಮ ಹೆಬ್ಬೆರಳು ಪಾರ್ಲರಲ್ಲಿ ಕಲ್ತಿದ್ದು ಅದೇ ವಿದ್ಯೆ. 2013ರಲ್ಲಿ ಪಿಎಸ್4 ಪ್ಯಾಡ್ ಬಂದಾಗ ಸೋನಿಯೋರು ಅದನ್ನ ತೆಗೆದುಹಾಕಿದ್ರು, ಈಗ ಎಕ್ಸ್ ಅಂದ್ರೆ ಒತ್ತಿದ್ರೆ ಇದೆ ಇಲ್ಲಾಂದ್ರೆ ಇಲ್ಲ. ಆಕ್ಸಿಲರೇಟರ್ ಕೆಲ್ಸ ಪೂರ್ತಿ ಹಿಂದಿನ ಆರ್2 ಟ್ರಿಗರಿಗೆ ಹೋಯ್ತು, ಅಂದ್ರೆ ಹೆಬ್ಬೆರಳಿನ ವಿದ್ಯೆ ತೋರುಬೆರಳಿಗೆ ವರ್ಗ ಆಯ್ತು, ನಿಮ್ಮ ತೋರುಬೆರಳು ಈಗ ಕಲೀತಿದೆ. ಟ್ರಿಗರಿಗೆ ಹೆಬ್ಬೆರಳಿಗಿಂತ ಓಡಾಟ ಜಾಸ್ತಿ ಸಿಗುತ್ತೆ, ಅಭ್ಯಾಸ ಆದ್ರೆ ಅದ್ರಲ್ಲೇ ಹಿಡಿತ ಚೆನ್ನಾಗಿ ಬರುತ್ತೆ ಅಂತ ನನ್ನ ಅನಿಸಿಕೆ, ಆದ್ರೆ ಮೊದಮೊದ್ಲು ಕೈ ಮುರಿದಂಗೆ ಆಗೋದು ಸಹಜ. ಇನ್ನೂ ಒಂದು, ಆ ಕಾಲದ ಪಾರ್ಲರುಗಳಲ್ಲಿ ನಕಲಿ ಪ್ಯಾಡ್ ಬೇಕಾದಷ್ಟು ಇರ್ತಿತ್ತು, ಬಹುಪಾಲು ನಕಲೀಲಿ ಈ ಒತ್ತಡ ಅಳೆಯೋ ಸೌಲಭ್ಯ ಇರ್ಲಿಲ್ಲ. ನಿಮಗೆ ಹಿಡಿತ ನೆನಪಿದೆ ಅಂದ್ರೆ ನಿಮ್ಮ ಪಾರ್ಲರಿನೋರು ಒರಿಜಿನಲ್ಲೇ ಇಟ್ಟಿದ್ರು ಅನ್ಸುತ್ತೆ, ಪುಣ್ಯಾತ್ಮರು.

ಟ್ರಿಗರ್ ಗಟ್ಟಿ ಆಗೋದು ಕೆಟ್ಟಿರೋದಲ್ಲ. ಒಳಗೆ ಒಂದು ಪುಟ್ಟ ಮೋಟರು, ಗೇರು ಇದೆ, ಬ್ರೇಕ್ ಗಟ್ಟಿ ಆಯ್ತು ಅಂತ ತೋರ್ಸೋಕೆ ಗೇಮೇ ಅದನ್ನ ತಡೆದು ಹಿಡಿಯುತ್ತೆ. ನಿಮಗೆ ಕಿರಿಕಿರಿ ಆದ್ರೆ ಅದೇ ಕಂಟ್ರೋಲರ್ ಸೆಟ್ಟಿಂಗಲ್ಲಿ ಟ್ರಿಗರ್ ಎಫೆಕ್ಟ್ ಕಮ್ಮಿ ಮಾಡಿ ಇಲ್ಲಾ ಪೂರ್ತಿ ಆಫ್ ಮಾಡಿ, ಯಾರೂ ಬೈಯಲ್ಲ. ಬೆರಳು ಮಣಿಕಟ್ಟು ನೋವು, ಜೋಮು ಹಿಡಿಯೋದು ವಾರಗಟ್ಟಲೆ ಹೋಗ್ಲಿಲ್ಲ ಅಂದ್ರೆ ಮಾತ್ರ ಮೂಳೆ ಡಾಕ್ಟರ ಹತ್ರ ಹೋಗಿ, ಅದು ನನ್ನ ಕೆಲ್ಸ ಅಲ್ಲ.

ಈಗ ತಾನೇ ನಡೆಯೋ ಸ್ಟಿಕ್ಕು, ಅಂದ್ರೆ ಡ್ರಿಫ್ಟು. ಹಳೇದು ಕೆಡ್ತಿರ್ಲಿಲ್ಲ ಹೊಸದು ಕೆಡುತ್ತೆ ಅನ್ನೋ ಮಾತು ಅರ್ಧ ಸತ್ಯ. ನಿಮ್ಮ ಕ್ಯಾಸೆಟ್ ಗೇಮ್ ಪ್ಯಾಡಲ್ಲಿ ಡ್ರಿಫ್ಟ್ ಬರ್ಲಿಲ್ಲ ಯಾಕಂದ್ರೆ ಸ್ಟಿಕ್ಕೇ ಇರ್ಲಿಲ್ಲ! ಸ್ಟಿಕ್ ಇದ್ದ ಹಳೇದ್ರಲ್ಲಿ 1996ರ ನಿಂಟೆಂಡೋ 64 ನೋಡಿ, ಆಡ್ತಾ ಆಡ್ತಾ ಒಳಗಿನ ಪ್ಲಾಸ್ಟಿಕ್ಕೇ ತೇಯ್ದು ಬಿಳಿ ಪುಡಿ ಆಗಿ ಸ್ಟಿಕ್ ಸಡಿಲ ಆಗಿ ಜೋತುಬೀಳೋದು. ಕೆಟ್ಟಿದ್ದೆಲ್ಲ ಯಾವತ್ತೋ ಗುಜರಿಗೆ ಹೋಗಿರುತ್ತೆ, ಅಟ್ಟದಲ್ಲಿ ಉಳ್ಕೊಂಡಿರೋದು ಗಟ್ಟಿ ಇದ್ದಿದ್ದು ಮಾತ್ರ, ಅದನ್ನೇ ನೋಡಿ ಹಳೇದೆಲ್ಲಾ ಗಟ್ಟಿ ಅಂತೀವಿ.

ಪಿಎಸ್5 ಪ್ಯಾಡಿನ ಪ್ರತಿ ಸ್ಟಿಕ್ಕಲ್ಲಿ ಎರಡು ಪೊಟೆನ್ಷಿಯೋಮೀಟರ್ ಇದೆ, ಒಂದು ಮೇಲೆ ಕೆಳಗೆ ಅಳೆಯೋಕೆ ಇನ್ನೊಂದು ಎಡ ಬಲಕ್ಕೆ. ಹಳೇ ರೇಡಿಯೋ ವಾಲ್ಯೂಮ್ ತಿರುಗಿಸಿದ್ರೆ ಕರಕರ ಅನ್ನುತ್ತಲ್ಲ, ಅದೇ ರೋಗ ಇದು, ಕಾರ್ಬನ್ ಪಟ್ಟಿ ಮೇಲೆ ಲೋಹದ ನಾಲಿಗೆ ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತೆ, ಆ ಪುಡಿ ಅಲ್ಲೇ ಕೂರುತ್ತೆ, ನಡುವಿಗೆ ಬಂದು ನಿಂತ್ರೂ ಸ್ವಲ್ಪ ಪಕ್ಕಕ್ಕಿದೀನಿ ಅಂತ ಸುಳ್ಳು ವರದಿ ಕಳ್ಸುತ್ತೆ. ಸ್ಟಿಕ್ಕನ್ನ ನಡುವಿಗೆ ತರೋ ಸ್ಪ್ರಿಂಗು ಸಡಿಲ ಆದ್ರೂ ಹಿಂಗೇ ಆಗುತ್ತೆ. ಇದೇ ಜಾತಿ ಸ್ಟಿಕ್ಕು ಪಿಎಸ್2 ಪ್ಯಾಡಲ್ಲೂ ಇತ್ತು, ಆದ್ರೆ ಆಗಿನ ಸುಮಾರು ಗೇಮುಗಳು ನಡುವಿನ ಸಣ್ಣಪುಟ್ಟ ಅಲುಗಾಟ ಲೆಕ್ಕಕ್ಕೇ ತಗೊಳ್ತಿರ್ಲಿಲ್ಲ, ಅದನ್ನ ಡೆಡ್‌ಜೋನ್ ಅಂತಾರೆ, ದೊಡ್ಡದಾಗಿ ಬಿಟ್ಟಿರೋರು. ಈಗಿನ ಶೂಟಿಂಗ್ ಗೇಮಿಗೆ ಕೂದಲೆಳೆ ಅಲುಗಾಟಾನೂ ಬೇಕು, ಡೆಡ್‌ಜೋನ್ ಚಿಕ್ಕದು, ಹಂಗಾಗಿ ಅಷ್ಟೇ ಸವೆತ ಈಗ ಬೇಗ ಕಣ್ಣಿಗೆ ಬೀಳುತ್ತೆ. ಬೇಸಿಗೇಲಿ ನಮ್ಮ ಬಿ.ಹೆಚ್. ರೋಡ್ ಧೂಳು, ಕಡ್ಲೆಪುರಿ ಖಾರ ತಿಂದ ಕೈ, ಇವೂ ತಮ್ಮ ಪಾಲು ಸೇರ್ಸುತ್ವೆ.

ಡಬ್ಲ್ಯೂಡಿ-40 ಬೇಡ. ಮಾಮೂಲಿ ನೀಲಿ ಡಬ್ಬಿ ಇರೋದು ತುಕ್ಕು ಬಿಡ್ಸೋಕೆ, ನೀರು ಓಡ್ಸೋಕೆ, ಹೊಡೆದ ಮೇಲೆ ಎಣ್ಣೆ ಪದರ ಉಳಿಯುತ್ತೆ. ನಾಲ್ಕು ದಿನ ಸರಿ ಹೋದಂಗೆ ಕಾಣುತ್ತೆ, ಆಮೇಲೆ ಆ ಎಣ್ಣೆಗೇ ಧೂಳು ಅಂಟಿ ಮೊದ್ಲಿಗಿಂತ ಕೆಡುತ್ತೆ, ಸ್ಟಿಕ್ ಒಳಗಿನ ಗ್ರೀಸೂ ತೊಳೆದುಹೋಗಿ ಒರಟಾಗುತ್ತೆ. ಹೊಡೆಯೋದೇ ಆದ್ರೆ ಪ್ಲಾಸ್ಟಿಕ್ಕಿಗೆ ಸೇಫ್ ಅಂತ ಬರೆದಿರೋ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್, ಇಲ್ಲಾ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್, ಅದೂ ಒಂದೆರಡು ಹನಿ, ಪ್ಯಾಡ್ ಆಫ್ ಮಾಡಿ, ಸ್ಟಿಕ್ ಸುತ್ತಾ ತಿರುಗಿಸಿ, ಪೂರ್ತಿ ಒಣಗಿದ ಮೇಲೇ ಆನ್. ಇದು ಧೂಳಿಗೆ ಕೆಲ್ಸ ಮಾಡುತ್ತೆ, ಸವೆದ ಪಟ್ಟಿ ಮತ್ತೆ ಹುಟ್ಟಲ್ಲ.

ಸ್ಪ್ರೇಗಿಂತ ಮುಂಚೆ ಇನ್ನೂ ಸುಲಭದ್ದು ಇದೆ. ಕನ್ಸೋಲ್ ಆಫ್ ಮಾಡಿ, ಪ್ಯಾಡ್ ಹಿಂಬದೀಲಿ ಸೋನಿ ಹೆಸರಿನ ಹತ್ರ ಒಂದು ಸಣ್ಣ ತೂತಿದೆ, ಪಿನ್ ಹಾಕಿ ಐದು ಸೆಕೆಂಡ್ ಒತ್ತಿ ಹಿಡೀರಿ, ಆಮೇಲೆ ಕೇಬಲಲ್ಲಿ ಜೋಡ್ಸಿ. ಪ್ಯಾಡ್ ಸಾಫ್ಟ್‌ವೇರ್ ಅಪ್ಡೇಟ್ ಇದ್ರೆ ಹಾಕ್ಕೊಳ್ಳಿ. ಆಮೇಲೆ ಗೇಮ್ ಒಳಗಿನ ಸೆಟ್ಟಿಂಗಲ್ಲಿ ಡೆಡ್‌ಜೋನ್ ಇದ್ರೆ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗಿ, ತಾನೇ ನಡೆಯೋದು ನಿಂತ ಕಡೆ ನಿಲ್ಸಿ. ಸ್ಟಿಕ್ ಶುರುವಿನ ಸೂಕ್ಷ್ಮ ಸ್ವಲ್ಪ ಹೋಗುತ್ತೆ, ನಿಮ್ಮ ಆಟಕ್ಕೆ ಅದು ಸಾಕು, ಮಗನಿಗೆ ಸಾಕಾಗಲ್ಲ.

ಹಾಲ್ ಎಫೆಕ್ಟ್ ವಿಷ್ಯ. ತತ್ವ 1879ರಷ್ಟು ಹಳೇದು, ಎಡ್ವಿನ್ ಹಾಲ್ ಅನ್ನೋರು ಕಂಡುಹಿಡಿದಿದ್ದು, ಸೇಗಾ ಕಂಪ್ನಿಯೋರು 1998ರ ಡ್ರೀಮ್‌ಕಾಸ್ಟ್ ಕನ್ಸೋಲಿನ ಪ್ಯಾಡಲ್ಲೇ ಅಯಸ್ಕಾಂತದ ಸ್ಟಿಕ್ ಹಾಕಿದ್ರು, ಅಂದ್ರೆ ಇದು ಹೊಸ ಮ್ಯಾಜಿಕ್ ಏನಲ್ಲ. ಅಯಸ್ಕಾಂತ ಒಂದು ಕಡೆ ಸೆನ್ಸರ್ ಒಂದು ಕಡೆ, ಒಂದಕ್ಕೊಂದು ಮುಟ್ಟಲ್ಲ, ಹಂಗಾಗಿ ಉಜ್ಜಿ ಸವೆಯೋದು ಇಲ್ಲ, ಅಷ್ಟು ನಿಜ. ಜನ್ಮದಲ್ಲಿ ಕೆಡಲ್ಲ ಅನ್ನೋದು ಸುಳ್ಳು. ಸ್ಪ್ರಿಂಗ್ ಸಡಿಲ ಆಗುತ್ತೆ, ಸ್ಟಿಕ್ಕಿನ ಕಡ್ಡಿ ಸವೆಯುತ್ತೆ, ಸ್ಟಿಕ್ ಒತ್ತಿದ್ರೆ ಟಕ್ ಅನ್ನೋ ಸ್ವಿಚ್ಚು ಕೆಡುತ್ತೆ. ಅದಕ್ಕಿಂತ ದೊಡ್ಡ ರಿಸ್ಕು ಹಾಕೋದ್ರಲ್ಲೇ ಇದೆ. ಒಂದು ಸ್ಟಿಕ್ಕಿಗೆ 14 ಕಡೆ ಬೆಸುಗೆ, ಎರಡಕ್ಕೆ 28. ಬೋರ್ಡು ಹಲವು ಪದರದ್ದು, ಬಿಸಿ ಜಾಸ್ತಿ ಆದ್ರೆ ತೂತಿನ ಒಳಗಿನ ತಾಮ್ರಾನೇ ಕಿತ್ಕೊಂಡು ಬರುತ್ತೆ, ಆಮೇಲೆ ಪ್ಯಾಡ್ ಉಳಿಸೋದು ಕಷ್ಟ. ಹಾಕಿದ ಮೇಲೆ ಕಂಪ್ಯೂಟರಿಗೆ ಜೋಡ್ಸಿ ಕ್ಯಾಲಿಬ್ರೇಟ್ ಮಾಡ್ಬೇಕು, ಅಂದ್ರೆ ನಡು ಎಲ್ಲಿ ಅಂತ ಪ್ಯಾಡಿಗೆ ಹೇಳ್ಕೊಡ್ಬೇಕು, ಮಾಡ್ದೇ ಹಂಗೇ ಮುಚ್ಚಿ ಕೊಟ್ರೆ ನಡುವೇ ಆಚೀಚೆ ಇರುತ್ತೆ, ಹೊಸ ಸ್ಟಿಕ್ಕಲ್ಲೇ ಡ್ರಿಫ್ಟು. ಹಾಗಾಗಿ ಹಾಕ್ಸೋದಾದ್ರೆ ಎರಡು ಪ್ರಶ್ನೆ ಕೇಳಿ, ಕರಗಿದ ಬೆಸುಗೆನ ಹೀರ್ಕೊಳ್ಳೋ ಗನ್ ಇಟ್ಟಿದೀರಾ, ಕ್ಯಾಲಿಬ್ರೇಟ್ ಮಾಡಿ ಪರದೆ ಮೇಲೆ ತೋರಿಸ್ತೀರಾ. ಮುಖ ಮುಖ ನೋಡಿದ್ರೆ ಪ್ಯಾಡ್ ವಾಪಸ್ ಇಸ್ಕೊಂಡು ಬನ್ನಿ.

ಇವೆಲ್ಲಾ ತಲೆನೋವು ಬೇಡ, ಹಾಲ್ ಎಫೆಕ್ಟ್ ಇರೋ ಬೇರೆ ಕಂಪ್ನಿ ಪ್ಯಾಡೇ ತಗೊಳ್ತೀನಿ ಅಂದ್ರೆ ಒಂದು ವಿಷ್ಯ ಗೊತ್ತಿರ್ಲಿ, ಕಂಪ್ಯೂಟರು ಫೋನಿಗೆ ಅವು ಚೆನ್ನಾಗಿವೆ, ಆದ್ರೆ ಪಿಎಸ್5 ಗೇಮು ಆಡೋಕೆ ಸೋನಿ ಒಪ್ಪಿಗೆ ಇಲ್ದಿರೋ ಪ್ಯಾಡ್ ನೇರವಾಗಿ ನಡೆಯಲ್ಲ. ಮನೇಲಿ ಪಿಎಸ್4 ಪ್ಯಾಡ್ ಇದ್ರೂ ಅದು ಪಿಎಸ್5 ಮೇಲೆ ಪಿಎಸ್4 ಗೇಮಿಗೆ ಮಾತ್ರ. ಅರ್ಧ ರೇಟಿಗೆ ಒರಿಜಿನಲ್ ಅಂತ ಯಾರಾದ್ರೂ ಕೊಟ್ರೆ ತಗೋಬೇಡಿ.

ನನ್ನನ್ನ ಕೇಳಿದ್ರೆ, ಪಿಎಸ್5 ಪ್ಯಾಡಿಗೆ ರಿಸೆಟ್, ಕ್ಲೀನಿಂಗ್ ಆದ್ಮೇಲೂ ಡ್ರಿಫ್ಟ್ ಹೋಗ್ಲಿಲ್ಲ ಅಂದ್ರೆ ಮೊದ್ಲು ಬಿಲ್ ನೋಡಿ, ವಾರಂಟಿ ಇದ್ರೆ ಬಿಚ್ಚಿಸ್ಬೇಡಿ. ವಾರಂಟಿ ಮುಗಿದಿದ್ರೆ ಎಡ ಸ್ಟಿಕ್ ಮಾತ್ರ ಮಾಮೂಲಿ ಮಾಡ್ಯೂಲಿಗೆ ಬದ್ಲಾಯಿಸೋದು ಕಮ್ಮಿ ಖರ್ಚು, ಹಾಲ್ ಹಾಕ್ಸೋದು ಅದಕ್ಕಿಂತ ಜಾಸ್ತಿ, ಮಗ ದಿನಾ ಗಂಟೆಗಟ್ಟಲೆ ಆಡೋನಾದ್ರೆ ಮಾತ್ರ ಅದು ವರ್ಕೌಟ್ ಆಗುತ್ತೆ. ನಿಮಗೆ ಹಳೇ ಗೇಮು ಆಡೋಕೆ ಗೇಮ್ ಸ್ಟಿಕ್ಕಿನ ಆ ಪ್ಯಾಡ್ ಬಿಟ್ಟು ಕಂಪ್ಯೂಟರಿಗೆ ಒಳ್ಳೆ ಡಿ-ಪ್ಯಾಡ್ ಇರೋ ಯುಎಸ್‌ಬಿ ಪ್ಯಾಡ್ ಒಂದು ತಗೊಳ್ಳಿ, 8ಬಿಟ್‌ಡೂ ಥರದ ಕಂಪ್ನಿಗಳು ಹಳೇ ಆಕಾರದಲ್ಲೇ ಮಾಡ್ತಾರೆ.

ಅಟ್ಟದ ಸೆಟ್ಟು ಖಂಡಿತ ಕೆಳಗಿಳಿಸಿ, ಆದ್ರೆ ಆಸೆಗೆ ಸೀದಾ ಪ್ಲಗ್ ಹಾಕ್ಬೇಡಿ. ಅಷ್ಟು ಹಳೇ ಅಡಾಪ್ಟರು ನಂಬೋಕಾಗಲ್ಲ, ಮನೇಲಿರೋ ಬೇರೆ ಯಾವ್ದೋ ಅಡಾಪ್ಟರ್ ಪಿನ್ ಹೊಂದ್ತು ಅಂತ ಚುಚ್ಚಿದ್ರೆ ಪ್ಲಸ್ ಮೈನಸ್ ಉಲ್ಟಾ ಆಗಿ ಸೆಟ್ಟೇ ಹೋಗ್ಬಹುದು. ಕ್ಯಾಸೆಟ್ಟಿಗೆ ಉಫ್ ಅಂತ ಊದೋದೂ ಬೇಡ, ಉಸಿರಿನ ತೇವಕ್ಕೆ ಹಿತ್ತಾಳೆ ಬಣ್ಣದ ಪಟ್ಟಿಗಳು ಕಿಲುಬು ಹಿಡಿಯುತ್ವೆ, ಹತ್ತಿ ಕಡ್ಡೀಲಿ ಅದೇ ಆಲ್ಕೋಹಾಲ್ ಹಚ್ಚಿ ಒರೆಸಿ ಸಾಕು. ಪ್ಯಾಡಲ್ಲಿ ಸಾಮಾನ್ಯವಾಗಿ ಹೋಗಿರೋದು ಕೇಬಲ್ಲು ಪ್ಯಾಡಿನೊಳಗೆ ಹೋಗೋ ಕುತ್ತಿಗೆ ಹತ್ರ, ಒಳಗೆ ವೈರ್ ತುಂಡಾಗಿರುತ್ತೆ, ಎರಡಿಂಚು ಕತ್ತರಿಸಿ ಮತ್ತೆ ಬೆಸೆದ್ರೆ ಆಯ್ತು. ಬಟನ್ ಹಿಡೀತಿಲ್ಲ ಅಂದ್ರೆ ರಬ್ಬರಿನ ಕರಿ ಬಿಲ್ಲೆ ಸವೆದಿರುತ್ತೆ, ಅದನ್ನ ಬ್ಲೇಡಲ್ಲಿ ಕೆರೀಬೇಡಿ. ಟಿವಿ ಮಾತ್ರ ಡಬ್ಬಾ ಟಿವೀನೇ ಹುಡುಕಿ, ಮಾವನ ಮನೇಲೇ ಮೂಲೆಗೆ ಬಿದ್ದಿದ್ರೂ ಬಿದ್ದಿರುತ್ತೆ, ಎಲ್‌ಇಡಿಗೆ ಹಾಕಿದ್ರೆ ಮತ್ತೆ ಅದೇ ಲೇಟು. ಸೆಟ್ಟನ್ನ ರಿಪೇರಿಗೆ ತಗೊಂಡು ಹೋಗೋವಾಗ ಹಳೇ ಅಡಾಪ್ಟರ್ ಕೆಟ್ಟಿದ್ರೂ ಜೊತೇಲೇ ಒಯ್ಯಿರಿ, ಅದ್ರ ಮೇಲೆ ಬರೆದಿರೋ ವೋಲ್ಟೇಜು, ಪ್ಲಸ್ ಮೈನಸ್ ಗುರುತು ನೋಡಿಯೇ ಹೊಸದು ಹೊಂದಿಸ್ಬೇಕು.